ಹೆಬ್ಬಾರರು ಕಲಿತ ಅಚ್ಚಿನ ವಿದ್ಯೆ

ಪ್ಯಾರಿಸ್ಸಿಗೆ ಹೋದ ಕಲಾವಿದನು ಊರನ್ನು ಮರೆಯುತ್ತಾನೆಂದು ನಮ್ಮಲ್ಲಿ ಕೆಲವರು ವಾದಿಸುವುದುಂಟು. ಕಟ್ಟಿಂಗೇರಿ ಕೃಷ್ಣ ಹೆಬ್ಬಾರರ ಮುಂದೆ ಈ ವಾದ ನಿಲ್ಲಲಾರದು. 1911ರಲ್ಲಿ ಉಡುಪಿಯ ಸಮೀಪ ಹುಟ್ಟಿದ ಇವರು, ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲಿಯೇ ಕಲಿಸಿ, 1949ರಲ್ಲಿ ಪ್ಯಾರಿಸ್ಸಿಗೆ ಹೋದರು. ಅಲ್ಲಿ ಜುಲಿಯಾಂ ಅಕಾಡೆಮಿಯಲ್ಲಿ ವರ್ಣಚಿತ್ರವನ್ನು ಅಭ್ಯಾಸ ಮಾಡಿದ್ದನ್ನೇ ಎಲ್ಲರೂ ಹೇಳುತ್ತಾರೆ. ನನಗೆ ದೊಡ್ಡದಾಗಿ ಕಾಣುವುದು ಇನ್ನೊಂದು: ಅವರು ಪುಸ್ತಕ ಹಾಗೂ ಅಚ್ಚಿನ ಕಲೆಗೆ ಹೆಸರಾದ ಎಸ್ತಿಯೆನ್ ಶಾಲೆಗೂ ಹೋಗಿ ಕೆತ್ತನೆಯ ಮುದ್ರಣವನ್ನು ಕಲಿತರು.

ತಗಡಿನಲ್ಲಿ ಕೊರೆದ ಗೆರೆಗೆ ಮಸಿ ತುಂಬಿ, ಮೇಲಿನದನ್ನು ಒರೆಸಿ, ಒದ್ದೆ ಕಾಗದವಿಟ್ಟು ಒತ್ತಿದರೆ ಚಿತ್ರ ಮೂಡುತ್ತದೆ. ಒಂದು ತಗಡಿನಿಂದ ಹತ್ತಾರು ಪ್ರತಿ! ಶ್ರೀಮಂತರ ಗೋಡೆಗೇ ಮೀಸಲೆಂದು ನಾವು ತಿಳಿದ ಕಲೆ ಹೀಗೆ ವಿದ್ಯಾರ್ಥಿಯ ಕೋಣೆಗೂ ಬರಬಲ್ಲದು. ಹಿಂದಿರುಗಿದ ಹೆಬ್ಬಾರರು ಬಿಡಿಸಿದ್ದು ದುಡಿಯುವವರನ್ನು, ನರ್ತಕರನ್ನು. ಕಥಕ್ ಕಲಿತ ಆ ಕೈಯ (ಕಾಲಿನ ಎನ್ನೋಣವೆ?) ಗೆರೆಗಳ ಪುಸ್ತಕಕ್ಕೆ ‘ಹಾಡುವ ಗೆರೆ’ ಎಂಬರ್ಥದ ಹೆಸರು.

ಮಿತ್ರರೆ, ಯಲಹಂಕದಿಂದ ಹೆಬ್ಬಾಳದ ಮೇಲೆ ಪೇಟೆಗೆ ಹೋದರೆ ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತು ದೂರವಲ್ಲ. ಚಿತ್ರಸಂತೆಗೆ ನೂಕುನುಗ್ಗಲಾಗುವ ನಮ್ಮಲ್ಲಿ ಎಷ್ಟು ಮಂದಿ ಒಳಗಿನ ಹೆಬ್ಬಾರರ ಗ್ಯಾಲರಿಯನ್ನು ಹೊಕ್ಕಿದ್ದೇವೆ?

ಈ ಸಂಚಿಕೆಗೆ ಎಲ್ಲಿಂದಲೋ ತಂದ ಸೂರ್ಯೋದಯದ ಮುಖಪುಟ ಸಾಕು. ಮುಂದಿನ ವರ್ಷ ನಾವೇ ಒಂದು ಮರದಚ್ಚನ್ನು ಕೆತ್ತೋಣ. ಹಲಗೆ, ಉಳಿ, ಮಸಿಗಳ ಖರ್ಚನ್ನು ವಿದ್ಯಾರ್ಥಿ ಸಂಘದ ನಿಧಿಯಿಂದ ಕೊಡಿಸಬೇಕೆಂದು ಅಧ್ಯಾಪಕವರ್ಗದಲ್ಲಿ ನನ್ನ ಬಿನ್ನಹ.