ಬೀಗದಕೈ ಯಾವಾಗ ಸ್ವಾಮಿ?

ಮಕ್ಕಳ ಕಾಲೇಜಿಗೆಂದು ಮೈಸೂರಿನಲ್ಲಿ ಫ್ಲಾಟ್ ನೋಡುವ ಸಂಸಾರಗಳು ಚಾಮರಾಜನಗರ, ಗುಂಡ್ಲುಪೇಟೆಗಳಲ್ಲೂ ಇವೆ. ‘ಯುಗಾದಿಗೆ ಗೃಹಪ್ರವೇಶ’ ಎನ್ನುತ್ತಾನೆ ಬಿಲ್ಡರ್. ದೀಪಾವಳಿ ಕಳೆದರೂ ಗೋಡೆಗೆ ಗಾರೆಯಿಲ್ಲ. ಅತ್ತ ಬ್ಯಾಂಕಿನ ಕಂತು, ಇತ್ತ ಬಾಡಿಗೆ. ಕೊನೆಗೆ ಕತ್ತರಿ ಬೀಳುವುದು ಮಗಳ ಟ್ಯೂಷನ್ನಿಗೆ.

ಬಾಯಿಮಾತಿನ ಯುಗಾದಿಗೆ ಬೆಲೆಯಿಲ್ಲ. ಮನೆ ಕೊಡುವ ದಿನಾಂಕ ಅಗ್ರಿಮೆಂಟಿನಲ್ಲಿರಲಿ. 2016ರ ರಿಯಲ್ ಎಸ್ಟೇಟ್ ಕಾನೂನು, ಅಂದರೆ ರೇರಾ ಪ್ರಕಾರ, ಅಗ್ರಿಮೆಂಟ್ ನೋಂದಣಿಯಾಗದೆ ಬೆಲೆಯ ಶೇ. 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ದಿನಾಂಕ ಮೀರಿದರೆ ಹಣವನ್ನು ಬಡ್ಡಿ ಸಮೇತ ವಾಪಸ್ ಕೇಳಬಹುದು. ಮನೆಯೇ ಬೇಕೆಂದರೆ, ತಡವಾದ ಪ್ರತಿ ತಿಂಗಳಿಗೂ ಬಡ್ಡಿ ಕೇಳಬಹುದು. ‘ದೂರು ಕೊಟ್ಟರೆ ಮನೆಯೇ ಕೈತಪ್ಪೀತು’ ಎಂದು ಅಂಜುವವರಿಗೆ ಈ ಎರಡನೆಯ ದಾರಿಯೇ ವಾಸಿ.

ಆದರೆ ಜಾಗ 500 ಚದರ ಮೀಟರ್ ಮೀರದಿದ್ದರೆ, ಅಥವಾ ಮನೆಗಳು ಎಂಟನ್ನು ಮೀರದಿದ್ದರೆ ರೇರಾ ನೋಂದಣಿ ಕಡ್ಡಾಯವಲ್ಲ. ನಮ್ಮ ಪಟ್ಟಣಗಳಲ್ಲಿ ನಾಲ್ಕಾರು ಮನೆ ಕಟ್ಟಿ ಮಾರುವವರು ಇದರಲ್ಲೇ ನುಸುಳಿಕೊಳ್ಳುವುದುಂಟು. ಆಗ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಿ. ಮನೆ ಕೊಡಲು ವಿಳಂಬಿಸುವುದೂ ಸೇವೆಯ ಲೋಪವೇ ಎಂದು ಸುಪ್ರೀಂ ಕೋರ್ಟ್ 1993ರಲ್ಲೇ ಹೇಳಿದೆ. ದೂರಿಗೆ ಎರಡು ವರ್ಷಗಳ ಗಡುವಿದೆ. ‘ಇನ್ನೊಂದು ಹಬ್ಬ ನೋಡೋಣ’ ಎಂದು ಕೂರಬೇಡಿ.

ಕಾಲೇಜು ಮಕ್ಕಳೇ, ಅಪ್ಪ ಮುಂಗಡ ಕೊಡುವ ಮುನ್ನ ಕರ್ನಾಟಕ ರೇರಾದ ಜಾಲತಾಣದಲ್ಲಿ ಆ ಕಟ್ಟಡದ ಹೆಸರು ಹುಡುಕಿ. ಮುಗಿಸುವುದಾಗಿ ಬಿಲ್ಡರ್ ಅಲ್ಲಿ ಬರೆದುಕೊಟ್ಟ ದಿನಾಂಕವನ್ನು ಗಟ್ಟಿಯಾಗಿ ಓದಿ ಹೇಳಿ. ರಶೀದಿಗಳನ್ನೆಲ್ಲ ಒಂದೇ ಫೈಲಿನಲ್ಲಿಡುವ ಕೆಲಸವೂ ನಿಮ್ಮದೇ.