ಅವಧಿಗೆ ಮೊದಲೇ ನಿವೃತ್ತಿಯಾದ ನಕ್ಷತ್ರ

ಹೋದ ಸಂಚಿಕೆಯಲ್ಲಿ ಬಾಡಿಗೆ ಮನೆಯ ಕಷ್ಟಗಳನ್ನು ತೋಡಿಕೊಂಡದ್ದನ್ನು ಓದಿ ವಾಚಕ ಮಿತ್ರರೊಬ್ಬರು, "ಸ್ವಾಮಿ, ನೆಲದ ಮೇಲಿನ ತಾಪತ್ರಯ ನಮಗೂ ಇದ್ದದ್ದೇ. ಒಮ್ಮೆಯಾದರೂ ತಲೆಯೆತ್ತಿ ಆಕಾಶ ನೋಡಿ ಬರೆಯಬಾರದೆ?" ಎಂದು ಕಾಗದ ಹಾಕಿದ್ದಾರೆ. ಅವರ ಅಪ್ಪಣೆಯನ್ನು ಶಿರಸಾ ವಹಿಸಿದ್ದೇವೆ. ಆಕಾಶಕ್ಕೆ ಏಣಿ ಹಾಕುವುದಕ್ಕೆ ನಾವಿರುವ ಬಡಾವಣೆಗಿಂತ ತಕ್ಕ ಸ್ಥಳ ಬೇರೆ ಯಾವುದಿದೆ? ಇದರ ಹೆಸರೇ ಸ್ಯಾಟಲೈಟ್!

ಊರಿನಿಂದ ಬಂದ ನೆಂಟರು ಈ ಹೆಸರು ಕೇಳಿ ಮೊದಲು ನಗುತ್ತಾರೆ. ಹೆಸರು ಸುಮ್ಮನೆ ಬಂದದ್ದಲ್ಲ. ಜೋಧಪುರ ಟೇಕ್ರಾದಲ್ಲಿ ಇಸ್ರೋದವರು ಉಪಗ್ರಹಗಳ ಕೆಲಸಕ್ಕೆ ಕೇಂದ್ರ ಕಟ್ಟಿದರು. ಅದರಿಂದ ರಸ್ತೆಗೆ ಹೆಸರಾಯಿತು, ರಸ್ತೆಯಿಂದ ಬಡಾವಣೆಗಾಯಿತು. 1975-76ರಲ್ಲಿ ಉಪಗ್ರಹದ ಮೂಲಕ ಸುಮಾರು 2400 ಹಳ್ಳಿಗಳಿಗೆ ಟೆಲಿವಿಷನ್ ತೋರಿಸಿದ 'ಸೈಟ್' ಪ್ರಯೋಗದಲ್ಲಿ ಅಹಮದಾಬಾದಿನ ಭೂಕೇಂದ್ರದಿಂದ ಕಾರ್ಯಕ್ರಮಗಳು ಮೇಲಕ್ಕೆ ಹೋಗುತ್ತಿದ್ದವು. ಆ ಹಳ್ಳಿಗಳಲ್ಲಿ ನಮ್ಮ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಯವೂ ಇದ್ದವು. ನಾವು ಅಹಮದಾಬಾದಿಗೆ ಬರುವುದಕ್ಕೆ ಎಷ್ಟೋ ಮೊದಲೇ ಅಹಮದಾಬಾದು ನಮ್ಮ ಕಡೆಯ ಚಾವಡಿಗೆ ಹೋಗಿ ಬಂದಿತ್ತೆಂದಾಯಿತು. ಇರಲಿ, ಇದು ಪೀಠಿಕೆ.

ಮೊನ್ನೆ ಉತ್ತರಾಯಣವಾಯಿತಷ್ಟೆ, ನಮ್ಮ ಸಂಕ್ರಾಂತಿ. ಆ ದಿನ ಈ ಊರಿನಲ್ಲಿ ನೆಲದ ಮೇಲಿರುವವನು ಒಂದೋ ರೋಗಿ, ಇಲ್ಲವೆ ಪೊಲೀಸಿನವನು. ಉಳಿದ ಊರೆಲ್ಲ ಮಾಳಿಗೆಯ ಮೇಲೆ. ಈ ವರ್ಷ ರಾಣೆಬೆನ್ನೂರಿನ ಕಡೆಯಿಂದ ನಮ್ಮ ಅಣ್ಣನವರು ಮೊದಲ ಬಾರಿಗೆ ನಮ್ಮ ಮನೆಗೆ ಬಂದಿದ್ದರು. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಎಳ್ಳು-ಬೆಲ್ಲ ಎಲ್ಲವನ್ನೂ ಗಂಟು ಕಟ್ಟಿ ತಂದಿದ್ದರು. ಕೆಳಗಿನ ಮನೆಯವರು ಉಂಧಿಯೂ ಕಳಿಸಿದರು. ಹಗಲೆಲ್ಲ "ಕಾಪ್ಯೋ ಛೇ!" ಎಂಬ ಗಲಾಟೆ ಮುಗಿದು, ರಾತ್ರಿ ಒಂಬತ್ತರ ಮೇಲೆ ಅಲ್ಲೊಂದು ಇಲ್ಲೊಂದು ತುಕ್ಕಲ್—ಗಾಳಿಪಟದ ದಾರಕ್ಕೆ ಕಟ್ಟಿದ ದೀಪ—ಮಾತ್ರ ತೇಲುತ್ತಿತ್ತು. ಅಣ್ಣನವರು ಶಾಲು ಹೊದ್ದು ಕುರ್ಚಿಯಲ್ಲಿ ಕುಳಿತಿದ್ದರು. ನಮ್ಮ ಮಗರಾಯ ಆಗ್ನೇಯಕ್ಕೆ ಬೆರಳು ತೋರಿಸಿ, "ಅದು ತುಕ್ಕಲ್ಲೋ ನಕ್ಷತ್ರವೋ?" ಎಂದು ಕೇಳಿದ.

ಅದು ಲುಬ್ಧಕ. ಪಾಶ್ಚಾತ್ಯರ ಸಿರಿಯಸ್. ಇರುಳಿನ ನಕ್ಷತ್ರಗಳಲ್ಲೆಲ್ಲ ಅದೇ ಪ್ರಕಾಶಮಾನ. ಆದರೆ ಅದು ಒಂಟಿಯಲ್ಲ. 1844ರಲ್ಲಿ ಜರ್ಮನಿಯ ಬೆಸೆಲ್ ಮಹಾಶಯನು ಲುಬ್ಧಕನ ನಡಿಗೆ ನೆಟ್ಟಗಿಲ್ಲ, ಓಲಾಡುತ್ತಿದೆ, ಕಾಣದ ಯಾರೋ ಕೈಹಿಡಿದು ಎಳೆಯುತ್ತಿದ್ದಾರೆ ಎಂದು ಲೆಕ್ಕ ಹಾಕಿ ಹೇಳಿದ. 1862ರಲ್ಲಿ ಅಮೆರಿಕದ ಆಲ್ವನ್ ಗ್ರಹಾಂ ಕ್ಲಾರ್ಕನು ಹೊಸ ದೂರದರ್ಶಕದಲ್ಲಿ ಆ ಜೊತೆಗಾರನನ್ನು ಕಂಡ. ತೂಕದಲ್ಲಿ ಸೂರ್ಯನಷ್ಟು, ಗಾತ್ರದಲ್ಲಿ ನಮ್ಮ ಭೂಮಿಯಷ್ಟು! ಇಂಥವುಗಳಿಗೆ ಶ್ವೇತಕುಬ್ಜಗಳೆಂದು ಹೆಸರು.

ನಾವು ಪೆನ್ಷನ್ ಸೆಕ್ಷನ್ನಿನ ಗುಮಾಸ್ತರಾದ್ದರಿಂದ ಮಗನಿಗೆ ನಮಗೆ ತಿಳಿದ ಭಾಷೆಯಲ್ಲೇ ಹೇಳಿದೆವು. ಶ್ವೇತಕುಬ್ಜವೆಂದರೆ ನಿವೃತ್ತ ನಕ್ಷತ್ರ. ಜಲಜನಕವನ್ನು ಉರಿಸಿ ಹೀಲಿಯಂ ಮಾಡುವುದು ಅದರ ಸೇವೆ. ಜಲಜನಕ ತೀರಿದ ಮೇಲೆ ಮೈ ಊದಿಕೊಂಡು ಕೆಂಪಾಗಿ, ಹೊರಮೈಯನ್ನು ಗಾಳಿಗೆ ತೂರಿ, ಉಳಿದ ತಿರುಳು ಹೊಸದೇನನ್ನೂ ಉರಿಸದೆ, ಕೂಡಿಟ್ಟ ಕಾವಿನಲ್ಲೇ ಕಾಲ ಕಳೆಯುತ್ತದೆ. ಪೆನ್ಷನ್ ಅಲ್ಲವೆ ಇದು? (ನಾವು 2004ರ ನಂತರ ನೌಕರಿಗೆ ಸೇರಿದವರು. ಹಳೆಯ ಮಾದರಿಯ ಪೆನ್ಷನ್ನನ್ನು ಇತರರಿಗೆ ಲೆಕ್ಕ ಹಾಕಿಕೊಡುವ ಭಾಗ್ಯವಷ್ಟೇ ನಮ್ಮದು. ಅದು ಬೇರೆ ಮಾತು.)

ಈ ಇಲಾಖೆಯ ನಿಯಮ ಮಾತ್ರ ವಿಚಿತ್ರ. ತೂಕ ಹೆಚ್ಚಿದಷ್ಟೂ ಸೇವಾವಧಿ ಕಡಿಮೆ. ತೂಕ ಕಡಿಮೆಯಾದಷ್ಟೂ ಸೇವೆ ದೀರ್ಘ. ದೊಡ್ಡ ನಕ್ಷತ್ರ ದುಂದುಗಾರ, ಸಣ್ಣದು ಜಿಪುಣ. ನಮ್ಮ ಸೂರ್ಯನ ಸೇವೆ ಒಟ್ಟು ಸುಮಾರು 1000 ಕೋಟಿ ವರ್ಷ; ಅವನಿಗಿಂತ ಸಣ್ಣವರದು ಇನ್ನೂ ಹೆಚ್ಚು. ಸಾಮಾನ್ಯ ಶ್ವೇತಕುಬ್ಜದ ತೂಕ ಸೂರ್ಯನ 0.6 ಭಾಗದ ಆಚೀಚೆ ಇರುತ್ತದೆ. ಇಂಥವುಗಳ ತೂಕ ಸೂರ್ಯನ 1.4 ಪಟ್ಟನ್ನು ಮೀರಲಾರದೆಂದು 1930ರಲ್ಲಿ ಇಂಗ್ಲೆಂಡಿಗೆ ಹೋಗುವ ಹಡಗಿನಲ್ಲಿ ಹತ್ತೊಂಬತ್ತರ ಹುಡುಗ ಚಂದ್ರಶೇಖರರು ಲೆಕ್ಕಕ್ಕೆ ಕೈಹಾಕಿದ ಕಥೆ ಪ್ರಸಿದ್ಧವಾದದ್ದೇ. ಮೇಲಿನ ಮಿತಿಯ ಬಗ್ಗೆ ಎಲ್ಲರೂ ಬರೆಯುತ್ತಾರೆ. ನಮಗೆ ಕುತೂಹಲ ಕೆಳಗಿನದರ ಬಗ್ಗೆ.

ಏಕೆಂದರೆ ಸೂರ್ಯನ 0.2 ಭಾಗವಷ್ಟೇ ತೂಗುವ ಶ್ವೇತಕುಬ್ಜಗಳೂ ಆಕಾಶದಲ್ಲಿ ಸಿಕ್ಕಿವೆ. ಲೆಕ್ಕ ಹಾಕಿ ನೋಡಿ. ಒಂಟಿ ನಕ್ಷತ್ರವೊಂದು ತನ್ನ ಪಾಡಿಗೆ ತಾನು ಸೇವೆ ಮುಗಿಸಿ ಇಷ್ಟು ಹಗುರವಾದ ತಿರುಳನ್ನು ಉಳಿಸಬೇಕಾದರೆ, ಅದು ಮೊದಲೇ ಬಹಳ ಸಣ್ಣದಾಗಿರಬೇಕು. ಅಷ್ಟು ಸಣ್ಣದರ ಸೇವಾವಧಿಯಾದರೋ ವಿಶ್ವದ ಈಗಿನ ವಯಸ್ಸಾದ 1380 ಕೋಟಿ ವರ್ಷಕ್ಕಿಂತಲೂ ಹೆಚ್ಚು! ಅಂಥ ಒಬ್ಬನೂ ಇನ್ನೂ ನಿವೃತ್ತನಾಗಿರಲಿಕ್ಕೆ ಸಾಧ್ಯವೇ ಇಲ್ಲ. ಆದರೂ ಪೆನ್ಷನ್ ಫೈಲು ಮುಂದೆ ಕುಳಿತಿದೆ.

ನಮಗೆ ಕೆಲಸ ಕಲಿಸಿದ ಗುಜರಾತಿ ಸಾಹೇಬರು, ಲೆಕ್ಕ ಕೂಡದ ಫೈಲು ಬಂದರೆ ಅದನ್ನು ಬಯ್ಯಬೇಡ, ಅದಕ್ಕೆ ಅಂಟಿಕೊಂಡ ಇನ್ನೊಂದು ಫೈಲು ಎಲ್ಲಿದೆ ಹುಡುಕು ಎನ್ನುತ್ತಿದ್ದರು. ಖಗೋಳ ಪಂಡಿತರು ಮಾಡಿದ್ದೂ ಇದನ್ನೇ. ಇಷ್ಟು ಹಗುರವಾದ ಶ್ವೇತಕುಬ್ಜ ಒಂಟಿಯಾಗಿ ಹುಟ್ಟಲಾರದು; ಪಕ್ಕದಲ್ಲಿ ಜೊತೆಗಾರನಿರಬೇಕು; ಸೇವೆಯ ಮಧ್ಯದಲ್ಲಿಯೇ ಇದರ ಮೈಯ ಜಲಜನಕ ಅವನ ಕಡೆಗೆ ಹೋಗಿರಬೇಕು. ಒಳಗಿನ ಹೀಲಿಯಂ ಉರಿಯುವಷ್ಟು ಕಾವೇರುವ ಮೊದಲೇ ಹೊದಿಕೆ ಹೋಗಿ, ತಿರುಳು ಅರ್ಧಕ್ಕೇ ನಿಂತಿದೆ. 1995ರಲ್ಲಿ ಮಾರ್ಷ್, ಧಿಲ್ಲನ್, ಡಕ್ ಎಂಬ ಮೂವರು ಹಗುರ ಶ್ವೇತಕುಬ್ಜಗಳನ್ನು ಏಳು ಆರಿಸಿ ಪರೀಕ್ಷಿಸಿದರು. ಕಡಿಮೆಯೆಂದರೂ ಐದಕ್ಕೆ ಜೊತೆಗಾರರು ಸಿಕ್ಕರು. ಅವರ ಲೇಖನದ ತಲೆಬರಹವನ್ನು ಕನ್ನಡಕ್ಕೆ ತಂದರೆ 'ಹಗುರ ಶ್ವೇತಕುಬ್ಜಗಳಿಗೆ ಗೆಳೆಯರು ಬೇಕು' ಎಂದಾಗುತ್ತದೆ. ಪಂಡಿತರ ಲೇಖನಕ್ಕೆ ಇಷ್ಟು ಒಳ್ಳೆಯ ತಲೆಬರಹವನ್ನು ನಾವು ಬೇರೆ ಕಂಡಿಲ್ಲ.

ಹುಡುಕುವುದು ಹೇಗೆ? ಜೊತೆಗಾರ ಕಣ್ಣಿಗೆ ಕಾಣಲೇಬೇಕೆಂದಿಲ್ಲ. ರೈಲು ಹತ್ತಿರ ಬರುವಾಗ ಸಿಳ್ಳಿನ ಸ್ವರ ಏರಿ, ದೂರ ಹೋಗುವಾಗ ಇಳಿಯುವುದನ್ನು ಸ್ಟೇಷನ್ನಿನಲ್ಲಿ ನಿಂತವರೆಲ್ಲ ಕೇಳಿದ್ದೀರಿ. ಬೆಳಕೂ ಹಾಗೆಯೇ. ನಕ್ಷತ್ರದ ಬೆಳಕನ್ನು ಕಾಮನಬಿಲ್ಲಿನಂತೆ ಬಿಡಿಸಿದರೆ ಅದರಲ್ಲಿ ಕಪ್ಪು ಗೆರೆಗಳು ಕಾಣುತ್ತವೆ. ಆ ಗೆರೆಗಳು ಎಷ್ಟು ಅಗಲವೆಂಬುದರಿಂದ ನಕ್ಷತ್ರದ ಮೇಲ್ಮೈಯ ಸೆಳೆತ, ಅದರಿಂದ ತೂಕ ಗೊತ್ತಾಗುತ್ತದೆ. ಅವು ಹೊತ್ತುಹೊತ್ತಿಗೆ ನೀಲಿಯ ಕಡೆಗೂ ಕೆಂಪಿನ ಕಡೆಗೂ ತೂಗಾಡಿದರೆ ನಕ್ಷತ್ರ ಯಾರನ್ನೋ ಸುತ್ತುತ್ತಿದೆಯೆಂದು ಅರ್ಥ. ಹೀಗೆ ಹುಡುಕಿದ ಅಮೆರಿಕದವರಿಗೆ 2011ರಲ್ಲಿ ಒಂದು ಜೋಡಿ ಸಿಕ್ಕಿತು. ಎರಡೂ ಶ್ವೇತಕುಬ್ಜಗಳು, ಒಂದನ್ನೊಂದು ಸುತ್ತಲು ಹನ್ನೆರಡು ಮುಕ್ಕಾಲು ನಿಮಿಷ! ನಮ್ಮಲ್ಲಿ ಅಷ್ಟು ಹೊತ್ತಿಗೆ ಕುಕ್ಕರಿನಲ್ಲಿ ಬೇಳೆ ಬೆಂದಿರುವುದಿಲ್ಲ. ಒಂದು ವರ್ಷ ಚಿಲ್ಲರೆ ಕಳೆದು ನೋಡಿದರೆ ಅವುಗಳ ಗ್ರಹಣ ಆರು ಸೆಕೆಂಡು ಮುಂಚಿತವಾಗಿ ಬರುತ್ತಿತ್ತು. ಐನ್‌ಸ್ಟೈನರು ಹೇಳಿದ ಗುರುತ್ವದ ಅಲೆಗಳಾಗಿ ಶಕ್ತಿ ಸೋರಿ, ಜೋಡಿ ಒಳಗೊಳಗೆ ಹತ್ತಿರವಾಗುತ್ತಿದೆಯಂತೆ. 2019ರಲ್ಲಿ ಇನ್ನೊಂದು ಸಿಕ್ಕಿತು, ಅದರ ಸುತ್ತು ಏಳು ನಿಮಿಷಕ್ಕೂ ಕಡಿಮೆ. ಇಂಥವುಗಳ ಅಲೆಗಳನ್ನೇ ನೇರವಾಗಿ ಹಿಡಿಯಲು ಯೂರೋಪಿನವರು 'ಲೀಸಾ' ಎಂಬ ಮೂರು ನೌಕೆಗಳನ್ನು 2035ರ ಸುಮಾರಿಗೆ ಹಾರಿಸುವ ಸಂಕಲ್ಪ ಮಾಡಿದ್ದಾರೆ.

ಇಷ್ಟು ಹೇಳುವಷ್ಟರಲ್ಲಿ ಮಗರಾಯನಿಗೆ ಆಕಳಿಕೆ ಬಂತು. ಅಣ್ಣನವರು ಮಾತ್ರ ಒಂದೂ ಮಾತಾಡದೆ ಕೇಳುತ್ತಿದ್ದರು. ಹುರುಪು ಬಂದು ನಾವು ಬೆಂಗಳೂರಿನ ಕಥೆಯನ್ನೂ ತೆಗೆದೆವು.

ಪುನರ್ವಸುವಿನ ಜೋಡಿಗೂ ಮಘೆಗೂ ನಡುವೆ ಕರ್ಕಾಟಕ ರಾಶಿಯಿದೆ. ಅಲ್ಲಿ ಸುಮಾರು 2800 ಜ್ಯೋತಿರ್ವರ್ಷ ದೂರದಲ್ಲಿ ಎಂ 67 ಎಂಬ ನಕ್ಷತ್ರಗುಚ್ಛವಿದೆ. ಅಹಮದಾಬಾದಿನ ದೀಪಗಳ ನಡುವೆ ಅದನ್ನು ಕಾಣುವ ಆಸೆಯೇ ಬೇಡ. ಅದರಲ್ಲಿರುವ ನಕ್ಷತ್ರಗಳೆಲ್ಲ ಒಂದೇ ತಾರೀಖಿನಲ್ಲಿ ನೌಕರಿಗೆ ಸೇರಿದವು. ಸುಮಾರು 400 ಕೋಟಿ ವರ್ಷವಾಯಿತು. ದೊಡ್ಡವು ಎಂದೋ ನಿವೃತ್ತವಾಗಿವೆ. ಆದರೂ ಕೆಲವು ಮಾತ್ರ ಅರವತ್ತು ದಾಟಿದರೂ ಕುರ್ಚಿ ಬಿಡದವರ ಹಾಗೆ, ನೀಲಿಯಾಗಿ, ಹರೆಯದವರಂತೆ ಬೆಳಗುತ್ತಿವೆ. ಇಂಥವನ್ನು ಬೇರೊಂದು ಗುಚ್ಛದಲ್ಲಿ 1953ರಲ್ಲಿ ಸ್ಯಾಂಡೇಜ್ ಎಂಬವರು ಮೊದಲು ಗುರುತಿಸಿದರು. ಬ್ಲೂ ಸ್ಟ್ರಾಗ್ಲರ್ ಎನ್ನುತ್ತಾರೆ. ಮಂದೆಯಿಂದ ಹಿಂದುಳಿದ ನೀಲಿಯವು. ಎರಡು ನಕ್ಷತ್ರ ಡಿಕ್ಕಿ ಹೊಡೆದು ಒಂದಾಗಿ ಹೊಸ ಪ್ರಾಯ ಬಂತೋ, ಪಕ್ಕದವನ ಜಲಜನಕ ಸಿಕ್ಕಿ ಬಂತೋ ಎಂಬ ಚರ್ಚೆ ದೀರ್ಘ ಕಾಲ ನಡೆಯಿತು.

2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟೆಯಿಂದ ಆಸ್ಟ್ರೋಸ್ಯಾಟ್ ಹಾರಿತು. ಅದರ ಉಪಕರಣಗಳಲ್ಲೊಂದಕ್ಕೆ ನಮ್ಮೂರಿನ ಕೇಂದ್ರದವರೂ, ನವರಂಗಪುರದ ಫಿಸಿಕಲ್ ರಿಸರ್ಚ್ ಲ್ಯಾಬೊರೇಟರಿಯವರೂ ಕೈ ಹಚ್ಚಿದ್ದರೆಂಬುದು ಸ್ಯಾಟಲೈಟ್ ವಾಸಿಗಳಾದ ನಮಗೆ ಹೆಮ್ಮೆ. ಅದೇ ಉಪಗ್ರಹದಲ್ಲಿದ್ದ ನೇರಳಾತೀತ ದೂರದರ್ಶಕ 'ಯುವಿಟ್' ಮಾತ್ರ ಕೋರಮಂಗಲದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನವರ ನೇತೃತ್ವದಲ್ಲಿ, ಹೊಸಕೋಟೆಯ ಪ್ರಯೋಗಶಾಲೆಯಲ್ಲಿ ಜೋಡಣೆಯಾದದ್ದು. ನೇರಳಾತೀತ ಕಿರಣವನ್ನು ಓಝೋನು ಕೆಳಗೆ ಬಿಡುವುದಿಲ್ಲ. ಆದ್ದರಿಂದ 650 ಕಿಲೋಮೀಟರು ಮೇಲೆ ಹೋಗಿಯೇ ನೋಡಬೇಕು. ಇದರ ಪ್ರಯೋಜನವೇನೆಂದರೆ: ಸಾರಿನಲ್ಲಿ ಇಂಗು ಕಣ್ಣಿಗೆ ಕಾಣದು, ಮೂಗಿಗೆ ತಿಳಿಯುತ್ತದೆ. ಹಾಗೆಯೇ ದೊಡ್ಡ ನಕ್ಷತ್ರದ ಬೆಳಕಿನಲ್ಲಿ ಸಣ್ಣ ಶ್ವೇತಕುಬ್ಜ ಮುಳುಗಿಹೋಗಿರುತ್ತದೆ. ಆದರೆ ಸಣ್ಣದು ಹೆಚ್ಚು ಬಿಸಿ. ನೇರಳಾತೀತದಲ್ಲಿ ನೋಡಿದರೆ ದೊಡ್ಡದೊಂದೇ ಕೊಡಬಹುದಾದ ಬೆಳಕಿಗಿಂತ ಹೆಚ್ಚು ಬೆಳಕು ಬರುತ್ತದೆ. ಆ ಹೆಚ್ಚಿನದು ಯಾರದ್ದು?

2019ರಲ್ಲಿ ಸಿಂಧು, ಅನ್ನಪೂರ್ಣಿ ಸುಬ್ರಮಣಿಯಂ, ವಿಕ್ರಾಂತ್ ಜಾಧವ್ ಮತ್ತು ಸಂಗಡಿಗರು ಎಂ 67ರ ನೀಲಿ ನಕ್ಷತ್ರವೊಂದರ ಪಕ್ಕದಲ್ಲಿ ಇಂಗಿನ ವಾಸನೆ ಹಿಡಿದರು. ಸೂರ್ಯನ ಐದರಲ್ಲೊಂದು ಭಾಗಕ್ಕೂ ತುಸು ಕಡಿಮೆ ತೂಕದ ಶ್ವೇತಕುಬ್ಜ! ನಾಲ್ಕು ದಿನ ಚಿಲ್ಲರೆಯಲ್ಲಿ ಒಂದನ್ನೊಂದು ಸುತ್ತುತ್ತಿವೆ. ಅದೇ ಗುಚ್ಛದಲ್ಲಿ ಇನ್ನೂ ಕೆಲವು ಹಗುರ ಶ್ವೇತಕುಬ್ಜಗಳ ಸುಳಿವು ಸಿಕ್ಕಿತು. ಅವಧಿ ಮೀರಿದರೂ ನಿವೃತ್ತನಾಗದವನ ಫೈಲು, ಅವಧಿಗೆ ಮೊದಲೇ ನಿವೃತ್ತನಾದವನ ಫೈಲು, ಎರಡೂ ಒಂದೇ ಮನೆಯವು. ಎರಡನ್ನೂ ಜೊತೆಗಿಟ್ಟು ಓದಿದರೆ ಮಾತ್ರ ಲೆಕ್ಕ ಕೂಡುತ್ತದೆ.

"ಅಂದರೆ ನೀಲಿಯದು ಅಣ್ಣನ ಆಸ್ತಿಯನ್ನೆಲ್ಲ ದೋಚಿಕೊಂಡು ದೊಡ್ಡದಾಯಿತು" ಎಂದು ನಾವು ಮಗನಿಗೆ ತಾತ್ಪರ್ಯ ಹೇಳಿ ಮುಗಿಸಿದೆವು. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆವು. ನಮ್ಮ ಮನೆಯವರು ನಮ್ಮ ಮುಖ ನೋಡಿದರು.

ನಮ್ಮ ಬಿ.ಎ. ಧಾರವಾಡದಲ್ಲಾಯಿತೆಂದು ಈ ಅಂಕಣದಲ್ಲಿ ಹಲವು ಸಲ ಬರೆದಿದ್ದೇವೆ. ಆ ಮೂರು ವರ್ಷದ ಖರ್ಚು ಎಲ್ಲಿಂದ ಬಂತೆಂದು ಎಂದೂ ಬರೆದಿಲ್ಲ. ತಂದೆಯವರು ತೀರಿಕೊಂಡ ವರ್ಷ ಅಣ್ಣನವರು ಪಿ.ಯು.ಸಿ. ಅರ್ಧಕ್ಕೆ ಬಿಟ್ಟು ಹೊಲಕ್ಕಿಳಿದರು. ಗಣಿತದಲ್ಲಿ ಅವರಿಗೆ ನಮಗಿಂತ ಹೆಚ್ಚು ಅಂಕ ಬರುತ್ತಿತ್ತು.

ಅಣ್ಣನವರು ಮೊದಲ ಬಾರಿಗೆ ಬಾಯಿ ತೆರೆದರು. "ತಮ್ಮಾ, ಆ ದೊಡ್ಡ ಚುಕ್ಕಿ ಮುಪ್ಪಿನಾಗ ಊದಿಕೊಂತು ಅಂದೆಲ್ಲ?"

"ಹೌದಣ್ಣಾ."

"ಹಂಗಾರ ದೋಚೂದು ಎಲ್ಲಿ ಬಂತು? ಮ್ಯಾಲಿನ ಹೊಲ ತುಂಬಿ ನೀರು ಒಡ್ಡು ದಾಟಿದ್ರ ಕೆಳಗಿನ ಹೊಲಕ್ಕ ಬರೂದ. ಅದನ್ನ ಕಳವು ಅಂತಾರೇನು?"

ನಾವು ಬೆರಗಾದೆವು. ಪಂಡಿತರು ಹೇಳುವುದೂ ಅಕ್ಷರಶಃ ಇದನ್ನೇ. ಪ್ರತಿ ಜೋಡಿಯಲ್ಲಿಯೂ ಆಯಾ ನಕ್ಷತ್ರದ ಸೆಳೆತ ನಡೆಯುವ ಒಂದು ಸೀಮೆಯಿರುತ್ತದೆ. ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ಗಣಿತಜ್ಞನ ಹೆಸರಿನಲ್ಲಿ ಅದನ್ನು 'ರೋಷ್ ಲೋಬ್' ಎನ್ನುತ್ತಾರೆ. ದೊಡ್ಡದು ಊದಿ ಆ ಸೀಮೆ ತುಂಬಿದಾಗ, ಎರಡರ ಸೀಮೆ ಕೂಡುವ ಬಿಂದುವಿನಲ್ಲಿ ಹೆಚ್ಚಿನದು ತಾನೇ ಆಚೆಗೆ ಹರಿಯುತ್ತದೆ. ಒಡ್ಡು ಎನ್ನುವುದಕ್ಕಿಂತ ಒಳ್ಳೆಯ ಮಾತು ನಮಗಂತೂ ತೋಚದು. ತಾತ್ಪರ್ಯವನ್ನು ತಿದ್ದಿ ಮಗನಿಗೆ ಮತ್ತೊಮ್ಮೆ ಹೇಳಿದೆವು. ಅವನು ದೊಡ್ಡಪ್ಪನ ತೊಡೆಗೆ ಒರಗಿ ಅರ್ಧ ನಿದ್ದೆಯಲ್ಲಿದ್ದ.

ಸ್ವಲ್ಪ ಹೊತ್ತು ಬಿಟ್ಟು ಅಣ್ಣನವರು, "ಆ ಸಣ್ಣದು ಈಗ ಪೂರಾ ತಣ್ಣಗಾಗೇತೇನು?" ಎಂದು ಕೇಳಿದರು.

"ಇಲ್ಲಣ್ಣಾ. ದೊಡ್ಡದಕ್ಕಿಂತ ಅದೇ ಬಿಸಿ. ಹದಿಮೂರು ಸಾವಿರ ಡಿಗ್ರಿಯ ಮೇಲಿದೆ."

"ಹಂಗಾರ ಆತು ಬಿಡು" ಎಂದು ಅವರು ಶಾಲು ತೆಗೆದು ಮಗನಿಗೆ ಹೊದಿಸಿ, ಪಕ್ಕದಲ್ಲಿ ಬಿದ್ದಿದ್ದ ಫಿರ್ಕಿಯನ್ನು ಎತ್ತಿಕೊಂಡು, ಸಿಕ್ಕುಬಿದ್ದ ದಾರವನ್ನು ಬಿಡಿಸತೊಡಗಿದರು.