ತಣಿಸುವುದೂ ಕಾಯಕವೇ

ಗಾಜು ಎಂದೊಡನೆ ಸಿರಾ ಸೀಮೆಯ ಗೌಡಗೆರೆಯಂತಹ ಊರುಗಳಲ್ಲಿ ತಾಯಂದಿರಿಗೆ ನೆನಪಾಗುವುದು ಬಳೆ, ಮಕ್ಕಳಿಗೆ ಬಳೆಚೂರು. ಗಾಜಿನ ಬಟ್ಟಲನ್ನು ಮಾತ್ರ ನಾವು ಅಂಗಡಿಯ ವಸ್ತುವೆಂದೇ ತಿಳಿದಿದ್ದೇವೆ. ಅದನ್ನು ಆವಿಗೆಯಲ್ಲಿ ಕಾಯಿಸಿ ಕೈಯಾರೆ ರೂಪಿಸುವ ವಿದ್ಯೆ ಕಲಿಯುವೆನೆಂದು ಮಗನೋ ಮಗಳೋ ಹೇಳಿದರೆ, "ಇದರಿಂದ ಹೊಟ್ಟೆ ತುಂಬೀತೆ?" ಎಂದು ಹಿರಿಯರು ಕೇಳುವುದು ಸಹಜ. ಉತ್ತರಿಸುವ ಮುನ್ನ ಆ ವಿದ್ಯೆ ಎಂತಹುದೆಂದು ನೋಡೋಣ.

ಗಾಜು ನಮ್ಮ ನೆಲಕ್ಕೆ ಹೊಸದಲ್ಲ. ನೆರೆಯ ಚಿತ್ರದುರ್ಗ ಜಿಲ್ಲೆಯ ಮತ್ತೋಡಿನಲ್ಲಿ ಬೆಣಚುಕಲ್ಲಿನ ಪುಡಿಗೆ ಸವುಳು ಬೆರೆಸಿ, ಕುಲುಮೆಯಲ್ಲಿ ಕರಗಿಸಿ ಬಳೆ ಮಾಡುತ್ತಿದ್ದರು. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಈ ಕೆಲಸವನ್ನು ವಿವರಿಸಿದ್ದಾನೆ. ಆ ಕುಲುಮೆಗಳು ಆರಿ ಬಹುಕಾಲವಾಯಿತು. ಇಂದು ಗಾಜಿನ ಬಳೆಗೆ ನಾವು ಉತ್ತರ ಪ್ರದೇಶದ ಫಿರೋಜಾಬಾದಿನತ್ತ ನೋಡುತ್ತೇವೆ.

ಇಂದಿನ ವಿದ್ಯಾರ್ಥಿಯು ಕಲ್ಲಿನಿಂದ ಆರಂಭಿಸಬೇಕಿಲ್ಲ. ಕಿಟಕಿ ಗಾಜಿನ ತುಂಡು ಸಾಕು. ಕತ್ತರಿಸಿದ ಎರಡು ಹಾಳೆಗಳನ್ನು ಒಂದರ ಮೇಲೊಂದಿಟ್ಟು ವಿದ್ಯುತ್ತಿನ ಆವಿಗೆಯಲ್ಲಿ ಸುಮಾರು 800 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದರೆ ಅವು ಒಂದಾಗುತ್ತವೆ. ಬಳಿಕ ಆ ಬಿಲ್ಲೆಯನ್ನು ಮಣ್ಣಿನ ಅಚ್ಚಿನ ಮೇಲಿಟ್ಟು ಸುಮಾರು 700 ಡಿಗ್ರಿಗೆ ತಂದರೆ, ಗಾಜು ತನ್ನ ಭಾರಕ್ಕೆ ತಾನೇ ಬಾಗಿ ಬಟ್ಟಲಾಗುತ್ತದೆ. ಅಂಟದಿರಲು ಅಚ್ಚಿಗೆ ಬಿಳಿ ಜೇಡಿಯ ಲೇಪ ಬೇಕು. ಒಳಗಿನ ಗಾಳಿ ಹೊರಹೋಗಲು ತಳದಲ್ಲಿ ಸಣ್ಣ ರಂಧ್ರವೂ ಬೇಕು.

ಇಷ್ಟಕ್ಕೆ ಕೆಲಸ ಮುಗಿಯಿತೆಂದುಕೊಂಡರೆ ಬಟ್ಟಲು ಉಳಿಯದು. ಬಿಸಿ ಗಾಜಿನ ಹೊರಮೈ ಬೇಗ ತಣಿದು ಗಟ್ಟಿಯಾಗುತ್ತದೆ. ಒಳಮೈ ಇನ್ನೂ ಕಾದಿರುತ್ತದೆ. ಅದು ನಿಧಾನವಾಗಿ ಕುಗ್ಗುವಾಗ ಹೊರಮೈಯೊಡನೆ ಎಳೆದಾಟ ನಡೆದು ಬಿಗಿತ ಒಳಗೇ ಉಳಿಯುತ್ತದೆ. ಕಣ್ಣಿಗೆ ಕಾಣದ ಈ ಬಿಗಿತದಿಂದ ಸುಂದರವಾದ ಬಟ್ಟಲು ಎಷ್ಟೋ ದಿನಗಳ ಮೇಲೆ, ಯಾರೂ ಮುಟ್ಟದಿರುವಾಗಲೇ ಸೀಳಬಹುದು. ಆದುದರಿಂದ ಸುಮಾರು 550 ಡಿಗ್ರಿಯಲ್ಲಿ ಕೆಲಕಾಲ ನಿಲ್ಲಿಸಿ, ಅನಂತರ ಬಹು ನಿಧಾನವಾಗಿ ಇಳಿಸಬೇಕು. ಗಾಜಿನ ದಪ್ಪ ಇಮ್ಮಡಿಯಾದರೆ ತಣಿಸುವ ಕಾಲ ಸುಮಾರು ನಾಲ್ಮಡಿಯಾಗುತ್ತದೆ. ಅವಸರದಿಂದ ಆವಿಗೆಯ ಬಾಗಿಲು ತೆರೆಯಲಾಗದು. 'ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ' ಎಂಬ ಗಾದೆ ನಮ್ಮಲ್ಲಿದೆ. ಗಾಜಿಗೆ ದೊಣ್ಣೆಯೂ ಬೇಕಿಲ್ಲ, ಆತುರವೇ ದೊಣ್ಣೆ.

ಬಳೆಚೂರುಗಳನ್ನು ಸೇರಿಸಿ ಬಣ್ಣ ತರುವ ಆಸೆ ಯಾರಿಗಾದರೂ ಆಗುವಂತಹುದೇ. ಆದರೆ ಎರಡು ಬಗೆಯ ಗಾಜು ಬಿಸಿಗೆ ಒಂದೇ ಪ್ರಮಾಣದಲ್ಲಿ ಹಿಗ್ಗಿ ಕುಗ್ಗದಿದ್ದರೆ ಅವು ಕೂಡಿ ಬಾಳಲಾರವು. ಇದಕ್ಕೊಂದು ಪರೀಕ್ಷೆಯಿದೆ. ಬಿಳಿಗಾಜಿನ ಪಟ್ಟಿಯ ಮೇಲೆ ಒಂದು ಚೂರನ್ನು ಬೆಸೆದು ಹದವಾಗಿ ತಣಿಸಿ, ಬೆಳಕು ಸುಳಿಯದಂತೆ ಅಡ್ಡಲಾಗಿ ಹಿಡಿದ ಎರಡು ಪೋಲರಾಯ್ಡ್ ಹಾಳೆಗಳ ನಡುವೆ ನೋಡಬೇಕು. ಚೂರಿನ ಸುತ್ತ ಬೆಳಕಿನ ಅಂಚು ಹೊಳೆದರೆ ಒಳಗೆ ಬಿಗಿತವಿದೆಯೆಂದೇ ಅರ್ಥ. ಕೆಲವು ಬಣ್ಣದ ಗಾಜುಗಳಲ್ಲಿ ಸೀಸ, ಕ್ಯಾಡ್ಮಿಯಂ ಇರುವುದುಂಟು. ಮೂಲ ತಿಳಿಯದ ಬಣ್ಣದ ಬಟ್ಟಲನ್ನು ಊಟಕ್ಕೆ ಬಳಸಬಾರದು. ಗಾಜು ಉಜ್ಜುವಾಗ ನೀರು ಹನಿಸುತ್ತಿರಬೇಕು, ಕಣ್ಣಿಗೆ ಕನ್ನಡಕ, ಮೂಗಿಗೆ ಮುಸುಕು ಇರಲೇಬೇಕು.

ಇನ್ನು ಹಿರಿಯರ ಪ್ರಶ್ನೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಪಿಂಗಾಣಿ ಮತ್ತು ಗಾಜಿನ ವಿನ್ಯಾಸವನ್ನು ಪದವಿ ಶಿಕ್ಷಣವಾಗಿಯೇ ಕಲಿಸುತ್ತಾರೆ, ದಾರಿ ಇಲ್ಲದಿಲ್ಲ. ಆದರೆ ಮೊದಲ ವರ್ಷವೇ ಫಲ ಕೇಳುವ ಮನೆಯಲ್ಲಿ ಇಂತಹ ವಿದ್ಯೆ ಬೆಳೆಯದು. ಕಲಿಯುವ ಮಕ್ಕಳನ್ನು ಉತ್ಸಾಹದಿಂದ ಕಾಯಿಸುವುದು ಸುಲಭ. ಅವರು ತಮ್ಮ ಹದಕ್ಕೆ ಬಂದು ನಿಲ್ಲುವ ತನಕ ಬಾಗಿಲು ತೆರೆಯದೆ ಕಾಯುವುದು ತಂದೆತಾಯಿಯರ ಪಾಲಿನ ಕಾಯಕ.